ಸ್ಪ್ಯಾನಿಷ್ ಮಾತಾಡುವವರಿಗೆ ಇಂಗ್ಲಿಷ್ ವ್ಯಾಕರಣದ ಕಾರ್ಡ್‌ಗಳು: ಕೆಲಸ ಎಲ್ಲಿಗೆ ಬಂತು

ಮೊದಲ ನಾಲ್ಕು ಕಂತು ಸಿದ್ಧ: ‘ಇಟ್’, ‘ಡೂ’, ಕ್ರಿಯಾಪದದ ಕೊನೆಯ ‘ಎಸ್’, ‘ದಿ’. ಕಂತಿಗೆ 20 ಕಾರ್ಡ್. ಮುಂಬದಿಯಲ್ಲಿ ಸ್ಪ್ಯಾನಿಷ್ ವಾಕ್ಯ, ಹಿಂಬದಿಯಲ್ಲಿ ಇಂಗ್ಲಿಷ್, ಅದರಡಿ ಸಣ್ಣ ಅಕ್ಷರದಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ತಪ್ಪನ್ನು ಮುಂಬದಿಗೆ ತರಲೇಬಾರದು. ಮೊದಲು ಕಣ್ಣಿಗೆ ಬಿದ್ದದ್ದೇ ನಾಲಿಗೆಗೆ ಹತ್ತಿಬಿಡುತ್ತದೆ.

ಕನ್ನಡದವರಿಗೆಂದು ಬರೆದ ವ್ಯಾಕರಣದ ಪಾಠಕ್ರಮ ಇಲ್ಲಿ ನಡೆಯುವುದಿಲ್ಲ. ನಮ್ಮವರು ‘ಎ’, ‘ದಿ’ಗಳನ್ನು ನುಂಗಿಬಿಡುತ್ತಾರೆ, ಸ್ಪ್ಯಾನಿಷ್‌ನವರು ‘ದಿ’ಯನ್ನು ಬೇಡದ ಕಡೆಯೂ ಹಾಕುತ್ತಾರೆ. ಕ್ರಿಯಾಪದವನ್ನು ಕೊನೆಯಿಂದ ಎತ್ತಿ ನಡುವೆ ಇಡುವ ಕಷ್ಟ ನಮ್ಮದು, ಅವರದಲ್ಲ. ಆದ್ದರಿಂದ ಪದಕ್ರಮದ ಅಭ್ಯಾಸಗಳನ್ನೆಲ್ಲ ತೆಗೆದು ಆ ಜಾಗವನ್ನು ‘ಡೂ’ಗೆ ಕೊಟ್ಟಿದ್ದೇವೆ.

ಇಟ್: ‘ಎಸ್ ಇಂಪೊರ್ತಾಂತೆ’ ಎಂಬುದು ‘ಇಟ್’ ಬಿಟ್ಟು ‘ಈಸ್ ಇಂಪಾರ್ಟೆಂಟ್’ ಆಗುತ್ತದೆ. ಕನ್ನಡದ ‘ಬಂದೆ’, ‘ಬಂದಳು’ಗಳಂತೆ ಸ್ಪ್ಯಾನಿಷ್‌ನಲ್ಲೂ ಯಾರು ಎಂಬುದನ್ನು ಕ್ರಿಯಾಪದವೇ ಹೇಳಿಬಿಡುವುದರಿಂದ ಕರ್ತೃಪದ ಬಿಟ್ಟು ಅಭ್ಯಾಸ. ‘ಐ’, ‘ಯೂ’ ಬೇಗ ಕೂರುತ್ತವೆ. ಬಿದ್ದುಹೋಗುವುದು ‘ಇಟ್’, ಅದರಲ್ಲೂ ‘ಬಿಕಾಸ್’ ಆದ ಮೇಲೆ: ‘ಐ ಲೈಕ್ ಮ್ಯಾಡ್ರಿಡ್ ಬಿಕಾಸ್ ಈಸ್ ಬ್ಯೂಟಿಫುಲ್’. ಹಾಗಾಗಿ 20ರಲ್ಲಿ 8 ಕಾರ್ಡ್ ‘ಬಿಕಾಸ್’, ‘ವೆನ್’, ‘ಇಫ್’ಗಳಿಗೇ ಮೀಸಲು. ಉಳಿದವು ಹವೆ, ಗಂಟೆ, ದೂರ.

ಡೂ: ಹೆಚ್ಚು ಕೆಲಸ ಹಿಡಿದದ್ದು ಇದೇ. ‘ತ್ರಾಬಾಹಾಸ್ ಆಕೀ?’ ಎನ್ನುವಲ್ಲಿ ದನಿ ಏರಿಸಿದರೆ ಪ್ರಶ್ನೆಯಾಯಿತು, ‘ನೋ’ ಮುಂದಿಟ್ಟರೆ ನಿಷೇಧವಾಯಿತು. ಅದರಿಂದಲೇ ‘ಯೂ ವರ್ಕ್ ಹಿಯರ್?’, ‘ಐ ನೋ ವರ್ಕ್ ಹಿಯರ್’. ‘ಡೂ’ ಬಂದ ಮೇಲೂ ಮುಗಿಯಲಿಲ್ಲ, ‘ಡಿಡ್ ಯೂ ವರ್ಕ್ಡ್?’, ‘ಡಸ್ ಶಿ ವರ್ಕ್ಸ್?’ ಶುರುವಾಗುತ್ತವೆ. ನಿಯಮ ಬರೆದುಕೊಟ್ಟರೆ ಇದು ಬಿಡುವುದಿಲ್ಲ. ಬದಲಿಗೆ ರಟ್ಟಿನ ಚೂರುಗಳು: ಕರ್ತೃ, ಕ್ರಿಯಾಪದ, ‘ಡೂ’ ಒಂದೊಂದು, ಜೊತೆಗೆ ಕೆಂಪು ಬಣ್ಣದ ಒಂದೇ ಒಂದು ‘ಎಸ್’. ಮೊದಲು ‘ಶಿ’, ‘ವರ್ಕ್’ ಜೋಡಿಸಿ ಕೆಂಪು ಚೂರನ್ನು ‘ವರ್ಕ್’ಗೆ ಅಂಟಿಸಬೇಕು. ಪ್ರಶ್ನೆ ಮಾಡಲು ‘ಡೂ’ ಮುಂದೆ ಬಂದಾಗ ಅದೇ ಚೂರನ್ನು ಕಿತ್ತು ‘ಡೂ’ಗೆ ಹಾಕಬೇಕು, ‘ಡಸ್’ ಆಯಿತು. ‘ವರ್ಕ್’ಗೆ ಹಾಕಲು ಕೈಯಲ್ಲಿ ಇನ್ನೊಂದಿಲ್ಲ. ಭೂತಕಾಲಕ್ಕೆ ನೀಲಿ ಚೂರು, ರೀತಿ ಅದೇ. ಎರಡು ಕೆಂಪು ಚೂರು ಕೊಟ್ಟರೆ ಇಡೀ ಉಪಾಯ ಕೆಟ್ಟಿತು. ‘ಹೂ ವರ್ಕ್ಸ್ ಹಿಯರ್?’ ಎಂಬಂಥ, ‘ಡೂ’ ಬೇಡದ ಪ್ರಶ್ನೆಗಳನ್ನು ಈ ಕಂತಿನಲ್ಲಿ ತರಬೇಡಿ.

ಎಸ್: ಬರೆಯುವಾಗ ಸರಿ, ಮಾತಾಡುವಾಗ ಮಾಯ. ಇದು ವ್ಯಾಕರಣಕ್ಕಿಂತ ಉಚ್ಚಾರದ ತೊಡಕು. ಸ್ಪ್ಯಾನಿಷ್‌ನ ಸ್ವಂತ ಪದಗಳು ಎರಡು ವ್ಯಂಜನ ಒಟ್ಟಾಗಿ ಮುಗಿಯುವುದು ತೀರ ಅಪರೂಪ. ಕ್ಯೂಬಾ, ಪೋರ್ಟೊ ರಿಕೊ, ದಕ್ಷಿಣ ಸ್ಪೇನಿನ ಆಂದಲೂಸಿಯಾ ಕಡೆಯವರ ಮಾತಿನಲ್ಲಿ ಪದದ ಕೊನೆಯ ‘ಸ್’ ತಾನೇ ಸಡಿಲವಾಗುತ್ತದೆ, ಅವರಿಗೆ ಇನ್ನಷ್ಟು ಅಭ್ಯಾಸ ಬೇಕು. ಕಾರ್ಡ್‌ಗಳನ್ನು ಬಾಯಿಗೆ ಸುಲಭವಾದದ್ದರಿಂದ ಜೋಡಿಸಿದೆ: ‘ಗೋಸ್’, ಆಮೇಲೆ ‘ರನ್ಸ್’, ‘ವರ್ಕ್ಸ್’, ಕೊನೆಗೆ ‘ಆಸ್ಕ್ಸ್’. ‘ವರ್ಕ್ಸ್’ ಒಂದನ್ನೇ ಹೇಳಿಸುವುದಕ್ಕಿಂತ ಮುಂದೆ ಸ್ವರ ಇಟ್ಟು ‘ವರ್ಕ್ಸ್ ಇನ್’ ಎಂದು ಸೇರಿಸಿ ಹೇಳಿಸಿ. ‘ಸ್’ ಜಾರಿ ‘ವರ್ಕ್-ಸಿನ್’ ಆಗುತ್ತದೆ, ಆಗ ಕೇಳಿಸುತ್ತದೆ.

ದಿ: ‘ಎಲ್ ಆಮೊರ್ ಎಸ್ ಸಿಯೆಗೊ’ದಿಂದ ‘ದಿ ಲವ್ ಈಸ್ ಬ್ಲೈಂಡ್’. ಒಂದು ವಸ್ತುವನ್ನು ಇಡಿಯಾಗಿ, ಸಾಮಾನ್ಯವಾಗಿ ಹೇಳುವಾಗ ಸ್ಪ್ಯಾನಿಷ್‌ಗೆ ಬೇಕು, ಇಂಗ್ಲಿಷ್‌ಗೆ ಬೇಡ. ‘ಐ ವಾಷ್ ದಿ ಹ್ಯಾಂಡ್ಸ್’ನಲ್ಲಿ ‘ದಿ’ ಜಾಗಕ್ಕೆ ‘ಮೈ’ ಬರಬೇಕು. ‘ಸೊಯ್ ಮೆದಿಕೊ’ ಮಾತ್ರ ಉಲ್ಟಾ, ಅಲ್ಲಿ ಬೇಕಾದ ‘ಎ’ ಬಿಟ್ಟುಹೋಗಿ ‘ಐ ಆಮ್ ಡಾಕ್ಟರ್’. ಈ ಮೂರನ್ನೂ ಒಂದೇ ದಿನ ಕಲೆಸಿದರೆ ಕಲಿಯುವವರು ಎಲ್ಲ ಕಡೆ ‘ದಿ’ ಬಿಡತೊಡಗುತ್ತಾರೆ. ಮೂರು ಗುಂಪು, ಮೂರು ದಿನ.

ಈಗ ಕೈಯಲ್ಲಿರುವುದು ‘ತೆನೆರ್’ ಕಂತು. ವಯಸ್ಸು, ಹಸಿವು, ಬಾಯಾರಿಕೆ, ಸೆಕೆ, ಚಳಿ, ಭಯ, ನಿದ್ದೆ, ಅವಸರ ಎಲ್ಲಕ್ಕೂ ಅವರಲ್ಲಿ ‘ಇದೆ’ ಎನ್ನುವ ಈ ಕ್ರಿಯಾಪದ, ಆದ್ದರಿಂದ ‘ಐ ಹ್ಯಾವ್ 20 ಇಯರ್ಸ್’. ‘ಐ ಆಮ್ ಅಗ್ರೀ’ ಇದರ ವಿರುದ್ಧ ದಿಕ್ಕಿನದು, ಬೇಡದ ಕಡೆ ‘ಆಮ್’ ಬರುವುದು. ಅದನ್ನು ಇದೇ ಕಂತಿಗೆ ಸೇರಿಸಿದರೆ ಗೋಜಲು, ಬೇರೆ ಇಡಬೇಕು.

ಆಮೇಲೆ ‘ಸಿನ್ಸ್’, ‘ಫಾರ್’. ‘ಐ ವರ್ಕ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎಂಬ ವಾಕ್ಯದಲ್ಲಿ ತಪ್ಪು ಎರಡು, ಕ್ರಿಯಾಪದದ ಕಾಲ ಒಂದು, ‘ಸಿನ್ಸ್’ ಇನ್ನೊಂದು. ‘ಐದು ವರ್ಷದಿಂದ ಇಲ್ಲೇ ಕೆಲಸ ಮಾಡ್ತಿದ್ದೇನೆ’ ಎನ್ನುವ ನಮ್ಮವರೂ ಇಲ್ಲಿ ಎಡವುವುದರಿಂದ, ಈ ಒಂದು ಕಂತನ್ನು ಮುಂಬದಿ ಬದಲಿಸಿ ಕನ್ನಡದವರಿಗೂ ಕೊಡಬಹುದು.