ಬಲೆಯಿಂದ ಹೆಕ್ಕಿದ ಚೆಂಡು

2021ರ ಆಗಸ್ಟ್ 8, ಭಾನುವಾರ. ಹಿಂದಿನ ಸಂಜೆಯಷ್ಟೇ ನೀರಜ್ ಚೋಪ್ರಾ ಚಿನ್ನ ಗೆದ್ದಿದ್ದರು. ಎಲ್ಲರ ಬಾಯಲ್ಲೂ ಅದೇ ಮಾತು. ನಾನು ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿಕೊಂಡು ಟೋಕಿಯೊದ ಮಹಿಳಾ ಹ್ಯಾಂಡ್‌ಬಾಲ್ ಫೈನಲ್‌ಗೆ ಕಾಯುತ್ತಿದ್ದೆ. ಫ್ರಾನ್ಸ್‌ಗೆ ಎದುರಾಗಿ ರಷ್ಯಾದ ಆಟಗಾರ್ತಿಯರು. ಪಕ್ಕದಲ್ಲಿ ಅಮ್ಮ ದಂಟಿನ ಸೊಪ್ಪು ಬಿಡಿಸುತ್ತಿದ್ದರು.

ಹೈಸ್ಕೂಲಲ್ಲಿ ಎರಡು ವರ್ಷ ನಾನೂ ಹ್ಯಾಂಡ್‌ಬಾಲ್ ಗೋಲ್‌ಕೀಪರ್. ಆ ಜಾಗ ಯಾರಿಗೂ ಬೇಡ. ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಗೋಲು. ಕೈಗೆ ಗ್ಲೌಸ್ ಇಲ್ಲ. ಎದುರಿನವಳು ಆರು ಮೀಟರ್ ಗೆರೆಯ ಆಚೆಯಿಂದ ಹಾರಿ, ಗಾಳಿಯಲ್ಲಿದ್ದಾಗಲೇ ಎಸೆಯುತ್ತಾಳೆ. ಚೆಂಡು ನೋಡುತ್ತಾ ಕೂತರೆ ಕೆಟ್ಟೆವು. ಅವಳ ಹೆಗಲು, ಮಣಿಕಟ್ಟು ನೋಡಿ ಕೈಕಾಲು ಚಾಚಿ ಜಿಗಿಯಬೇಕು. ಬಡಿದರೆ ತೊಡೆ ಉರಿಯುತ್ತೆ. ತಪ್ಪಿದರೆ ಬೆನ್ನ ಹಿಂದೆ ಬಲೆಯ ಸದ್ದು. ಒಂದು ತಾಲ್ಲೂಕು ಪಂದ್ಯ ಸೋತಾಗ ನನ್ನಿಂದಲೇ ಹೋಯಿತು ಅಂತ ಎಲ್ಲರೆದುರು ಅನ್ನಿಸಿಕೊಂಡೆ. ಆಮೇಲೆ ಆಡಲೇ ಇಲ್ಲ.

ಎಷ್ಟೋ ವರ್ಷದ ಮೇಲೆ ತಿಳಿಯಿತು, ಈ ಆಟದಲ್ಲಿ ಮೂರು ಎಸೆತದಲ್ಲಿ ಒಂದನ್ನು ತಡೆದರೂ ಒಳ್ಳೆಯ ಕೀಪರ್ ಅಂತ. ಅಷ್ಟೊತ್ತಿಗೆ ಫ್ರಾನ್ಸ್ ತಂಡದ ಗೋಲ್‌ಕೀಪರ್ ಅಮಾಂದೀನ್ ಲೆನೊ ಅವರ ಆಟ ನೋಡಲು ಶುರು ಮಾಡಿದ್ದೆ. ದಕ್ಷಿಣ ಫ್ರಾನ್ಸಿನ ಓಬೆನಾ ಊರಿನವರು. 2016ರ ರಿಯೊ ಫೈನಲ್‌ನಲ್ಲಿ ಅವರ ತಂಡ ರಷ್ಯಾಕ್ಕೆ 22-19ರಲ್ಲಿ ಸೋತಿತ್ತು. 2017ರಲ್ಲಿ ಯುರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಅವರ ವರ್ದಾರ್ ಕ್ಲಬ್ಬು ಹಂಗೇರಿಯ ಗ್ಯೋರ್ ಎದುರು ಹೆಚ್ಚುವರಿ ಸಮಯದಲ್ಲಿ ಒಂದೇ ಗೋಲಿನಿಂದ ಸೋತಿತು. 2018ರಲ್ಲೂ ಅದೇ ಗ್ಯೋರ್, ಮತ್ತೆ ಹೆಚ್ಚುವರಿ ಸಮಯ, ಮತ್ತೆ ಒಂದೇ ಗೋಲು! ನಡುವೆ ಫ್ರಾನ್ಸ್ ತಂಡದ ಜೊತೆ ಹ್ಯಾಂಬರ್ಗ್‌ನಲ್ಲಿ ನಾರ್ವೆಯನ್ನು 23-21ರಲ್ಲಿ ಸೋಲಿಸಿ ವಿಶ್ವ ಚಾಂಪಿಯನ್ ಆಗಿದ್ದೂ ಉಂಟು. ಆಮೇಲೆ ಅವರು ಗ್ಯೋರ್ ಕ್ಲಬ್ಬನ್ನೇ ಸೇರಿ 2019ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದರು. ಸೋಲಿಸಿದವರ ಜೊತೆಗೇ ಹೋದರಲ್ಲ ಅಂತ ಮೊದಲು ಬೇಜಾರಾಗಿತ್ತು. ಈಗ ನನಗೆ ಅದು ದೊಡ್ಡ ಧೈರ್ಯ ಅನಿಸುತ್ತೆ.

ಫೈನಲ್ ಶುರುವಾಯಿತು. ಎಲ್ಲರೂ ಚೆಂಡು ನೋಡಿದರೆ ನಾನು ಗೋಲಿನ ಕಡೆಗೇ ನೋಡುತ್ತೇನೆ. ಗೋಲಾದ ತಕ್ಷಣ ಕೀಪರ್ ಬಲೆಯಿಂದ ಚೆಂಡು ಹೆಕ್ಕಿ ನಡುಗೆರೆಯತ್ತ ಎಸೆಯುತ್ತಾರೆ. ಕೊರಗೋಕೆ ಪುರುಸೊತ್ತಿಲ್ಲ, ತಂಡ ಆಗಲೇ ಓಡುತ್ತಿರುತ್ತೆ. ನಾನಾದರೆ ಚೆಂಡಿಗೆ ಬಗ್ಗಿದವಳು ಮುಖ ಎತ್ತೋಕೇ ಹೊತ್ತು ಮಾಡುತ್ತಿದ್ದೆ.

30-25. ಫ್ರಾನ್ಸ್ ಮಹಿಳೆಯರಿಗೆ ಹ್ಯಾಂಡ್‌ಬಾಲ್‌ನಲ್ಲಿ ಮೊದಲ ಒಲಿಂಪಿಕ್ ಚಿನ್ನ. 35 ವರ್ಷದ ಲೆನೊ ಅವರಿಗೆ ದೇಶದ ಪರ ಅದೇ ಕೊನೆಯ ಪಂದ್ಯ. ನನ್ನ ಕಣ್ಣು ತುಂಬಿತ್ತು.

"ನಮ್ಮೋರಾ?" ಅಂದರು ಅಮ್ಮ.

"ಅಲ್ಲಮ್ಮ, ಫ್ರಾನ್ಸ್. ನಾನು ನಿಲ್ತಿದ್ನಲ್ಲ, ಅದೇ ಜಾಗ ಅವರದ್ದು."

ಅಮ್ಮ ಸೊಪ್ಪು ಬದಿಗಿಟ್ಟು ಮೊಬೈಲಿನತ್ತ ಬಗ್ಗಿದರು. ಆಗೆಲ್ಲ ಎಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿ ನನ್ನ ಕಾಲು ತಿಕ್ಕುತ್ತಿದ್ದವರು ಅವರೇ.

"ಪಾಪ, ಆ ಹುಡುಗಿಗೂ ತೊಡೆಯೆಲ್ಲ ಬಾತಿರುತ್ತೆ ಅಲ್ವಾ?"