ಬೆಟ್ಟ ಚರ್ಚಿನದಲ್ಲ

ಜುಲೈ ಕೊನೆಯ ಭಾನುವಾರ ಐರ್ಲೆಂಡಿನ ಪಶ್ಚಿಮ ಕರಾವಳಿಯ ಯಾತ್ರೆಯ ಬೆಟ್ಟ ಕ್ರೋ ಪ್ಯಾಟ್ರಿಕ್ ಹತ್ತಿ ಬಂದೆ. ಮೊಣಕಾಲು ನೋವು ಮಂಗಳವಾರಕ್ಕೆ ಇಳಿಯಿತು, ಗೆಳೆಯ ಆಡಿದ ಒಂದು ಮಾತು ಮಾತ್ರ ಇನ್ನೂ ತಲೆಯಿಂದ ಇಳಿದಿಲ್ಲ.

ಅವನು ನನ್ನ ಲ್ಯಾಬಿನವನೇ, ಟ್ಯೂಮ್ ಎಂಬ ಊರಿನ ಹತ್ತಿರದ ಹಳ್ಳಿಯವನು. ಚರ್ಚ್ ಅಂದರೆ ಸಾಕು, ಮುಖ ಗಂಟಿಕ್ಕುತ್ತಾನೆ. ಕಾರಣವಿದೆ. ಟ್ಯೂಮ್‌ನಲ್ಲಿ 1925ರಿಂದ 1961ರವರೆಗೆ ಮದುವೆಯಾಗದ ತಾಯಂದಿರಿಗೆಂದು ಸನ್ಯಾಸಿನಿಯರು ನಡೆಸುತ್ತಿದ್ದ ಆಶ್ರಮವಿತ್ತು. ಅಲ್ಲಿ ನೆಲದಡಿಯ ಗುಂಡಿಗಳಲ್ಲಿ ಕೂಸುಗಳ ಮೂಳೆಗಳಿರುವುದು 2017ರಲ್ಲಿ ಖಚಿತವಾಯಿತು. ಇವನ ವಯಸ್ಸಿನವರು ಪೂಜೆಗೆ ಹೋಗುವುದನ್ನು ಬಿಟ್ಟಿದ್ದರೆ ನಾನಂತೂ ತಪ್ಪೆನ್ನಲಾರೆ. ಅಂಥವನು ವರ್ಷ ವರ್ಷ ತಪ್ಪದೆ ಈ ಬೆಟ್ಟ ಹತ್ತುತ್ತಾನೆ, ಅದೂ ಬರಿಗಾಲಲ್ಲಿ.

ಬೆಟ್ಟದ ಎತ್ತರ 764 ಮೀಟರ್ ಅಷ್ಟೇ. ಆದರೆ ಹೊರಡುವುದು ಮರಿಸ್ಕ್ ಹಳ್ಳಿಯಿಂದ, ಹೆಚ್ಚುಕಡಿಮೆ ಸಮುದ್ರದ ಮಟ್ಟದಿಂದ. ಕೊನೆಯ ಏರು ಬೆಣಚುಕಲ್ಲಿನದು. ಇತ್ತೀಚೆಗೆ ಕಲ್ಲು ಜೋಡಿಸಿ ದಾರಿ ಸರಿ ಮಾಡಿದ್ದಾರೆ, ಆದರೂ ಅಂಚಿನಲ್ಲಿ ಹೆಜ್ಜೆಯಿಟ್ಟರೆ ಚೂಪು ಚೂರುಗಳು ಜಾರುತ್ತವೆ. ಅವನ ಹಿಮ್ಮಡಿ ಸೀಳಿ, ಕಲ್ಲಿನ ಮೇಲೆ ಸಣ್ಣಗೆ ಕೆಂಪು ಗುರುತು ಬೀಳುತ್ತಿತ್ತು. ಹಿಂದೆ ನಡೆಯುತ್ತಿದ್ದ ನನಗೆ ತಡೆಯಲಾಗಲಿಲ್ಲ.

"ನಂಬಿಕೇನೇ ಇಲ್ಲ ಅಂತೀಯ, ಮತ್ತೆ ಇದೆಲ್ಲ ಯಾಕೋ?"

"ಬೆಟ್ಟ ಚರ್ಚಿನದಲ್ಲವಲ್ಲ," ಅಂದ. ತಿರುಗಿಯೂ ನೋಡಲಿಲ್ಲ.

ಅಷ್ಟೇ ಮಾತು. ವಾರವಿಡೀ ಅದನ್ನೇ ತಿರುವಿ ಹಾಕುತ್ತಿದ್ದೇನೆ. ಐರ್ಲೆಂಡಿಗೆ ಕ್ರೈಸ್ತ ಧರ್ಮ ತಂದನೆನ್ನುವ ಸಂತ ಪ್ಯಾಟ್ರಿಕ್ ಕ್ರಿ.ಶ. 441ರಲ್ಲಿ ಇಲ್ಲಿ ನಲವತ್ತು ದಿನ ಉಪವಾಸವಿದ್ದನೆಂಬ ನಂಬಿಕೆಯಿದೆ. ಅದಕ್ಕೂ ಮೊದಲೇ ಸುಗ್ಗಿಯ ಹಬ್ಬ ಲೂನಸಾಕ್ಕೆ ಜನ ಈ ಬೆಟ್ಟಕ್ಕೆ ಬರುತ್ತಿದ್ದರಂತೆ. ದೇವರ ಹೆಸರು ಬದಲಾಯಿತು, ಹತ್ತುವುದು ನಿಲ್ಲಲಿಲ್ಲ. 1980ರ ದಶಕದಲ್ಲಿ ಬೆಟ್ಟದೊಳಗೆ ಚಿನ್ನವಿದೆಯೆಂದು ಗೊತ್ತಾದಾಗ ಅದಕ್ಕೆ ಗುದ್ದಲಿ ಬೀಳಬಾರದೆಂದು ಪಟ್ಟು ಹಿಡಿದವರೂ ಇದೇ ಸುತ್ತಲಿನ ಜನ. ಗಣಿಗಾರಿಕೆ ಆಗಲಿಲ್ಲ. ಕಾಲಡಿಯ ಚಿನ್ನ ಹಾಗೇ ಇರಲಿ ಎಂದವರ ಬಗ್ಗೆ ನನಗೆ ಅಪಾರ ಗೌರವ. ಅದರ ಎದುರು, ಸ್ಪೀಕರಿನಲ್ಲಿ ಹಾಡು ಹಚ್ಚಿಕೊಂಡು ಅಂದು ನಮ್ಮನ್ನು ತಳ್ಳಿಕೊಂಡೇ ಹತ್ತಿದ ಒಂದು ಗುಂಪನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ತುದಿಯಲ್ಲಿ 1905ರ ಚಾಪೆಲ್, ಅಂದರೆ ಪುಟ್ಟ ಪ್ರಾರ್ಥನಾ ಮಂದಿರ ಇದೆ. ಅದನ್ನು ಹದಿನೈದು ಸುತ್ತು ಹಾಕುತ್ತಾ ಜಪ ಮಾಡುವುದು ಪದ್ಧತಿ. ಇವನು ತುಟಿ ಅಲುಗಿಸದೆ ಹದಿನೈದೂ ಸುತ್ತಿದ. ಯಾರಿಗೋಸ್ಕರ ಎಂದರೆ, "ಅಜ್ಜಿ ಕೇಳ್ತಾಳೆ, ಸುಳ್ಳು ಹೇಳೋಕಾಗಲ್ಲ" ಅಂದ. ಅಜ್ಜ ಇರುವವರೆಗೂ ಇವನನ್ನು ಕರೆತರುತ್ತಿದ್ದದ್ದು ಅಜ್ಜನೇ.

ಇಲ್ಲಿಯವರೆಗೂ ಅವನ ಮಾತು ನನಗೆ ಸರಿಯೆನಿಸಿತ್ತು. ಇಳಿಯುವಾಗ ಎದುರಿಗೆ ಒಬ್ಬ ಹಿರಿಯಮ್ಮ ಸಿಕ್ಕರು. ಎಪ್ಪತ್ತು ದಾಟಿರಬೇಕು, ಎರಡೂ ಕೈಯಲ್ಲಿ ಕೋಲು, ಬೆರಳಿಗೆ ಸುತ್ತಿದ ಜಪಮಣಿ. ಇವನ ಕಾಲು ನೋಡಿ ನಿಂತರು. "ಬರಿಗಾಲಲ್ಲಿ ಹೋಗಿದ್ಯಾ ಮಗೂ? ದೇವರು ನಿನ್ನನ್ನ ಚೆನ್ನಾಗಿಟ್ಟಿರಲಿ" ಎಂದರು. ಇವನು ಟೋಪಿ ತೆಗೆದು, "ನಿಮ್ಮನ್ನೂ" ಅಂದ. ನಂಬದ ದೇವರ ಹೆಸರಿನ ಹರಕೆಯನ್ನು ತಲೆ ತಗ್ಗಿಸಿ ತಗೊಂಡ!

ಆ ಅಮ್ಮನಿಗೆ ಬೆಟ್ಟ ಬೇರೆ, ಚರ್ಚ್ ಬೇರೆ ಅಲ್ಲ. ಮೇಲೆ ಪಾಪನಿವೇದನೆಗೆ ಸಾಲಿನಲ್ಲಿ ನಿಂತಿದ್ದವರಿಗೂ ಅಲ್ಲ. ಪೂಜೆ ಮುಗಿಸಿ ಕಣ್ಣೊರೆಸಿಕೊಂಡು ಹೊರಬರುತ್ತಿದ್ದವರನ್ನು ನಾನೇ ನೋಡಿದ್ದೇನೆ. ಹಾಗಿರುವಾಗ ಬೆಟ್ಟ ಚರ್ಚಿನದಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದೇ? ಬಾಗಿಲು ಮುಚ್ಚಿಟ್ಟು ಅನ್ಯಾಯ ಮಾಡಿದವರ ಪಾಲಿಗೆ ಅದು ಖಂಡಿತ ಸೇರಿದ್ದಲ್ಲ. ಆದರೆ ಈ ಅಮ್ಮನೂ ಚರ್ಚೇ ತಾನೆ? ನಾವಿರುವ ಗಾಲ್ವೇ ನಗರಕ್ಕೆ ವಾಪಸ್ ಬರುವಾಗ ಕಾರಿನಲ್ಲಿ ಇದನ್ನೇ ಕೇಳಿದೆ. "ಅವರು ಚರ್ಚಲ್ಲ, ಅವರು ನಮ್ಮ ಅಜ್ಜಿ ಥರ" ಅಂದ. ನನಗೆ ಒಪ್ಪಿಗೆಯಾಗಿಲ್ಲ. ಸೋಮವಾರ ಲ್ಯಾಬಿನಲ್ಲಿ ಸಿಕ್ಕಾಗ ಮತ್ತೆ ಕೇಳುವವನಿದ್ದೇನೆ.