ಬಲಗಡೆ ಮೂಲೆ

ಭಾವನ ಕಾರನ್ನು ಇವತ್ತು ಶಿರಸಿಯ ಗ್ಯಾರೇಜಿನಲ್ಲಿ ನೋಡಿದೆ. ದೇವಿಮನೆ ಘಟ್ಟದ ತಿರುವಿನಲ್ಲಿ ಎದುರಿಗೆ ಬಂದ ಲಾರಿಗೆ ಬಲಗಡೆ ಮೂಲೆ ಬಡಿದಿದ್ದು. ಎಡಗಡೆ ಹೆಡ್‌ಲೈಟಿಗೆ ಒಂದು ಗೀರೂ ಇಲ್ಲ. ಬಲಗಡೆ ಚಕ್ರ ಮಾತ್ರ ಹಿಂದೆ ಸರಿದು ಬ್ರೇಕ್ ಪೆಡಲ್ ಹತ್ತಿರ ಬಂದು ಕೂತಿದೆ. ಭಾವನ ಪಾದದ ಮೂಳೆ ಮುರಿದದ್ದು ಹೀಗೆ.

ಮೆಕ್ಯಾನಿಕ್ ಬಾನೆಟ್ ಒಳಗಿನ ಉದ್ದದ ಕಂಬಿ ತೋರಿಸಿದ. "ಪೆಟ್ಟು ತಿನ್ನಬೇಕಾಗಿದ್ದು ಇದು. ಇದಕ್ಕೆ ತಾಗಲೇ ಇಲ್ಲ ನೋಡಿ."

ಕಂಬಿಗೆ ತಾಗದ ಇಂಥ ಮೂಲೆ ಪೆಟ್ಟಿಗೇ ಅಂತ ಅಮೆರಿಕದ ಐಐಎಚ್‌ಎಸ್ (ವಿಮಾ ಕಂಪನಿಗಳ ರಸ್ತೆ ಸುರಕ್ಷತಾ ಸಂಸ್ಥೆ) 2012ರಲ್ಲಿ ಒಂದು ಪರೀಕ್ಷೆ ಶುರು ಮಾಡಿತು. ಗಂಟೆಗೆ 64 ಕಿ.ಮೀ. ವೇಗ, ಕಾರಿನ ಅಗಲದ ಬರೀ 25% ಭಾಗ ಗಟ್ಟಿ ತಡೆಗೆ ಬಡಿಯುತ್ತದೆ. ಆಗ ದುಬಾರಿ ಕಾರುಗಳೇ ಸುಮಾರು ಫೇಲ್. ಆಮೇಲೆ ಕೆಲವು ಕಂಪನಿಗಳು ಚಾಲಕನ ಕಡೆ ಮಾತ್ರ ಗಟ್ಟಿ ಮಾಡಿ ಪಾಸಾದವು! ಪರೀಕ್ಷೆಗೆ ಬರುವಷ್ಟೇ ಓದುವ ಹುಡುಗರ ಬುದ್ಧಿ, ಅಲ್ವಾ? 2017ರಲ್ಲಿ ಪಕ್ಕದ ಸೀಟಿನ ಕಡೆಗೂ ಪರೀಕ್ಷೆ ಬಂತು. ನಮ್ಮ ಭಾರತ್ ಎನ್‌ಕ್ಯಾಪ್‌ನಲ್ಲಿ, ಅಂದರೆ ಕಾರುಗಳಿಗೆ ಸುರಕ್ಷತೆಯ ಸ್ಟಾರ್ ಕೊಡುವ ಪರೀಕ್ಷೆಯಲ್ಲಿ, ಬರೀ ಮೂಲೆಯಲ್ಲ, 40% ಭಾಗ ಗುದ್ದಿಸುತ್ತಾರೆ.

ಆಸ್ಪತ್ರೆಯಲ್ಲಿ ಭಾವನಿಗೆ ಇದನ್ನೆಲ್ಲ ವಿವರಿಸಿದೆ. ಸುಮ್ನೆ ಕೇಳಿಸಿಕೊಂಡರು. ಕೊನೆಗೆ, "ಅದಿರಲಿ ಮಾರಾಯ, ಕಾರಿನಲ್ಲಿ ನನ್ನ ಎಲೆಯಡಿಕೆ ಕವಳದ ಸಂಚಿ ಸಿಕ್ಕಿತಾ?" ಎಂದರು.